ನೀಲಿಗೂ ಒಂದು ತಳವಿದೆ

ಮೂವತ್ತು ವರ್ಷಕ್ಕೂ ಮೇಲೆ ಜನರ ರಕ್ತ, ಮೂತ್ರ, ಕಫ ಪರೀಕ್ಷೆ ಮಾಡಿ ಹೊಟ್ಟೆ ಹೊರೆದವಳು ನಾನು. ಹೆಸರು ಸುಶೀಲಾಬಾಯಿ. ಹುಟ್ಟಿದ್ದು ಯಾದಗಿರಿಯಲ್ಲಿ. ಸುರಪುರ, ಶಹಾಪುರ, ಕೊನೆಗೆ ಮತ್ತೆ ಯಾದಗಿರಿ ಎಂದು ಸರ್ಕಾರಿ ದವಾಖಾನೆಗಳ ಲ್ಯಾಬುಗಳಲ್ಲೇ ತಲೆ ಬೆಳ್ಳಗಾಯಿತು. ಯಾವ ದವಾಖಾನೆ, ಯಾವ ಡಾಕ್ಟರು ಎಂದು ಹೇಳುವುದಿಲ್ಲ. ಹೆಸರು ಹೇಳಿದರೆ ಅವರಿಗೆ ಮುಜುಗರ, ಹೇಳದಿದ್ದರೆ ಎಲ್ಲರಿಗೂ ತಮ್ಮ ಬಗ್ಗೆಯೇ ಬರೆದಿದ್ದಾಳೆ ಎಂಬ ಅನುಮಾನ. ಎರಡನೆಯದೇ ನನಗೆ ಇಷ್ಟ.

ಜನ ನನ್ನನ್ನು ‘ರಕ್ತದ ಬಾಯಿ’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಹೆಂಗಸರ ಹೆಸರಿಗೆ ಬಾಯಿ ಸೇರಿಸುವುದು ಗೌರವಕ್ಕೆ. ನನ್ನ ಮೇಲಧಿಕಾರಿಗಳು ಮಾತ್ರ ಆ ಹೆಸರನ್ನು ಇನ್ನೊಂದು ಅರ್ಥದಲ್ಲಿ ಸವಿಯುತ್ತಿದ್ದರು. ಅದರಲ್ಲಿ ಅವರ ತಪ್ಪೂ ಇಲ್ಲ. ನನಗೆ ಬಂದಷ್ಟು ಮೆಮೊ ನಮ್ಮ ಮೂರು ತಾಲೂಕಿನಲ್ಲಿ ಇನ್ನೊಬ್ಬ ಟೆಕ್ನಿಷಿಯನ್‌ಗೆ ಬಂದಿರಲಾರದು. ಎಲ್ಲಕ್ಕೂ ಉತ್ತರ ಬರೆದಿದ್ದೇನೆ.

ಈಗ ಲ್ಯಾಬಿಗೆ ಸೇರುವ ಹುಡುಗಿಯರು ಮನೆಗೆ ಬಂದು, ಬಡ್ತಿ ಯಾವಾಗ ಸಿಗುತ್ತದೆ, ವರ್ಗಾವಣೆ ಹೇಗೆ ತಪ್ಪಿಸುವುದು ಎಂದು ಕೇಳುತ್ತಾರೆ. ಅದಕ್ಕೆಲ್ಲ ನನಗಿಂತ ಜಾಣರಿದ್ದಾರೆ, ಅವರನ್ನು ಕೇಳಿ. ನಾನು ಹೇಳುವುದು ಸಕ್ಕರೆ ಕಾಯಿಲೆಯ ಬಗ್ಗೆ, ಅದರಲ್ಲೂ ಕಿವಿ ಕೇಳದವರಿಗೆ ಆ ಕಾಯಿಲೆಯನ್ನು ತಿಳಿಸಿಕೊಡುವ ಬಗ್ಗೆ. ಅದನ್ನು ಮಾಡು ಎಂದು ನನಗೆ ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಮಾಡಬೇಡ ಎಂದು ಕೊಟ್ಟಿದ್ದರು.

ನಾನು ಕೆಲಸಕ್ಕೆ ಸೇರಿದಾಗ ನಾರಾಯಣಪುರ ಅಣೆಕಟ್ಟಿನ ನೀರು ಕಾಲುವೆಗೆ ಹೊಸದು. ಅದಕ್ಕೆ ಮೊದಲು ನಮ್ಮ ಕಡೆ ಅನ್ನ ಎಂದರೆ ಹಬ್ಬ. ದಿನದ ಊಟ ಜೋಳದ ರೊಟ್ಟಿ, ಪುಂಡಿ ಪಲ್ಯ. ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಮೂರು ಹೊತ್ತೂ ಅನ್ನ, ದಿನಕ್ಕೆ ಆರು ಸಲ ಸಕ್ಕರೆ ತೇಲುವ ಚಹಾ. ನಡೆದು ಹೋಗುತ್ತಿದ್ದವರು ಮೋಟಾರ್ ಸೈಕಲ್ ಹತ್ತಿದರು. ಕೆಲವೇ ವರ್ಷಗಳಲ್ಲಿ ನನ್ನ ಲ್ಯಾಬಿನ ಮುಂದೆ ಸಾಲು ಬೆಳೆಯಿತು. ಕಾಲುವೆಯನ್ನು ಬೈಯುತ್ತಿಲ್ಲ. ಹೊಟ್ಟೆ ತುಂಬ ಉಂಡ ಜನರನ್ನು ನೋಡಿ ಹೊಟ್ಟೆಕಿಚ್ಚು ಪಡುವವಳಲ್ಲ ನಾನು. ಆದರೆ ನೀರು ಬಿಟ್ಟವರು ರೋಗದ ಮಾತು ಆಡಲಿಲ್ಲ, ರೋಗದ ಮಾತು ಆಡಿದವರು ಬರೀ ಬಾಯಿಯಲ್ಲಿ ಆಡಿದರು.

ಗೋಡೆಯ ಮೇಲೆ ಒಂದು ಗಾದೆ ಬರೆಸಿದ್ದರು: ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಅದರ ಕೆಳಗೇ ನಿಂತು ಮಾತು ಬಾರದವರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು. ಅವರು ಊಟ ಬಲ್ಲವರಾಗುವುದು ಹೇಗೆ?

ಮೊದಲ ಪಾಠ ಸುರಪುರದಲ್ಲಿ ಆಯಿತು. ಖಾಜಾಬಿ ಎಂಬ ಮುದುಕಿಗೆ ಕಿವಿ ಮಂದ. ಮರುದಿನ ಖಾಲಿ ಹೊಟ್ಟೆಯಲ್ಲಿ ಬರಬೇಕು, ಆಗ ರಕ್ತ ತೆಗೆಯಬೇಕು. ನಾನು ಅವಳ ಕಿವಿಗೆ ಬಾಯಿಟ್ಟು ಇಡೀ ದವಾಖಾನೆಗೆ ಕೇಳುವ ಹಾಗೆ ಕೂಗಿದೆ, “ನಾಳಿಗಿ ಬರೇ ಹೊಟ್ಟಿಲೆ ಬಾ!” ಅವಳು ಹೂಂ ಎಂದು ತಲೆ ಆಡಿಸಿದಳು. ಬಂದಳು. ಸಕ್ಕರೆ ಏರಿತ್ತು. ಎರಡು ದಿನ ಬಿಟ್ಟು ಮತ್ತೆ ಕರೆದೆ, ಮತ್ತೆ ಏರಿತ್ತು. ಮೂರನೇ ಸಲ ನನಗೆ ಸಿಟ್ಟು ನೆತ್ತಿಗೇರಿ, “ಏನ್ ತಿಂದು ಬಂದಿ?” ಎಂದು ಕೈಸನ್ನೆ ಮಾಡಿ ಗದರಿದೆ.

“ಬರೇ ರೊಟ್ಟಿಲೆ ಬಂದೀನ್ರೀ ಬಾಯಿ,” ಎಂದಳು ಖಾಜಾಬಿ, ಕಣ್ಣಲ್ಲಿ ನೀರು ತುಂಬಿಕೊಂಡು. “ಅಲ್ಲಾನ ಆಣಿ, ಪಲ್ಯಾ ಸೈತ ಮುಟ್ಟಿಲ್ಲ. ಮೂರು ಸಲನೂ ಬರೇ ಒಣಾ ರೊಟ್ಟಿ.”

ಹೊಟ್ಟಿಗೂ ರೊಟ್ಟಿಗೂ ಒಂದಕ್ಷರದ ಅಂತರ. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಾಚಿಕೆಯಾಯಿತು. ಹಲ್ಲಿಲ್ಲದ ಮುದುಕಿ ಪಲ್ಯವಿಲ್ಲದೆ ಒಣ ರೊಟ್ಟಿ ಅಗಿದದ್ದು ನನ್ನ ಮಾತಿಗೆ ಬೆಲೆ ಕೊಟ್ಟು. ಕೂಗಿದರೆ ಮಾತು ದೊಡ್ಡದಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಇದನ್ನು ಕಲಿತೆ. ಎಲ್ಲವನ್ನೂ ಕಲಿತೆ ಎಂದುಕೊಂಡದ್ದು ನನ್ನ ಸೊಕ್ಕು.

ಶಹಾಪುರಕ್ಕೆ ವರ್ಗವಾದ ಮೇಲೆ ದೇವಿಂದ್ರಪ್ಪ ಬಂದ. ಅವನ ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ‘ಮೂಕ’ ಎಂದು ಬರೆದಿತ್ತು. ನಲವತ್ತರ ಆಸುಪಾಸಿನ ಗಟ್ಟಿ ಆಳು, ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಜೊತೆಗೆ ಅಣ್ಣ ಸಂಗಣ್ಣ. ನಾನು ಚೀಟಿಯನ್ನು ಅಣ್ಣನ ಮುಂದೆ ಹಿಡಿದೆ.

“ಇವ್ರ ಹೆಸ್ರೇನು?”

“ಮೂಕ ಅಂತಾರ್ರೀ ಬಾಯಾರ.”

“ಅವ್ವ ಇಟ್ಟ ಹೆಸ್ರು ಕೇಳಕತ್ತೀನಿ.”

ಸಂಗಣ್ಣ ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. “ದೇವಿಂದ್ರಪ್ಪ ಅಂತ ಅದರಿ. ಯಾರೂ ಕರೆಯಾಂಗಿಲ್ಲ. ಕರದ್ರ ಅಂವಗ ಕೇಳ್ಬೇಕಲ್ರೀ?”

ಚೀಟಿ ಹರಿದು ಹೊಸದು ಬರೆದೆ. ಅಷ್ಟಕ್ಕೇ ಚೀಟಿ ಕೊಡುವ ಗುಮಾಸ್ತನೊಡನೆ ಒಂದು ಜಗಳ ಆಯಿತು. ಆಗ ನಮ್ಮ ಡಾಕ್ಟರ್ ಸಾಹೇಬರು ಕಲಬುರಗಿ ಕಡೆಯವರು. ಒಳ್ಳೆಯ ಕೈಗುಣ, ಆದರೆ ಸದಾ ಅವಸರ. ಪಥ್ಯ, ಮಾತ್ರೆ ಎಲ್ಲವನ್ನೂ ಅಣ್ಣನಿಗೆ ಹೇಳಿ ಮುಗಿಸಿದರು. ಅಣ್ಣ ತಲೆ ಆಡಿಸಿದ. ರೋಗಿ ಇಬ್ಬರ ತುಟಿಗಳನ್ನೂ ನೋಡುತ್ತ ನಿಂತಿದ್ದ, ಪರರ ಮನೆಯ ಪಂಚಾಯಿತಿ ನೋಡುವವನ ಹಾಗೆ.

“ಸಾಹೇಬ್ರ, ರೋಗ ಅಣ್ಣಂದಲ್ಲ, ತಮ್ಮಂದು,” ಎಂದೆ.

“ಸುಶೀಲಾಬಾಯಿ, ಕೆಪ್ಪನ ಮುಂದ ಶಂಖ ಊದಿ ಏನ್ ಉಪಯೋಗ? ಅಣ್ಣಗ ಹೇಳೀನಿ, ಅಂವ ನೋಡ್ಕೋತಾನ.”

ಆ ಗಾದೆ ಕೇಳಿದಾಗಲೆಲ್ಲ ನನಗೆ ಅನಿಸುವುದು, ಬುದ್ಧಿಯಿಲ್ಲದವನು ಶಂಖ ಊದುವವನು, ಹೆಸರು ಕೆಡುವುದು ಕೇಳದವನದು. ದೇವಿಂದ್ರಪ್ಪನ ರಟ್ಟೆ ಹಿಡಿದು ಲ್ಯಾಬಿನೊಳಗೆ ಕರೆದೊಯ್ದೆ.

ಆಗ ಮೂತ್ರದಲ್ಲಿ ಸಕ್ಕರೆ ನೋಡುವ ಬಗೆ ಬೇರೆ. ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹೆಚ್ಚಿದ್ದರೆ ಹಳದಿ, ಬಹಳ ಹೆಚ್ಚಾದರೆ ಸುಟ್ಟ ಇಟ್ಟಂಗಿಯ ಕೆಂಪು. ಈ ಪರೀಕ್ಷೆಗೆ ಭಾಷೆ ಬೇಡ. ನಾನು ಎರಡು ನಳಿಗೆ ಹಿಡಿದೆ, ಒಂದು ನನ್ನದು, ಒಂದು ಅವನದು. ನನ್ನದು ನೀಲಿ ಉಳಿಯಿತು. ಅವನದು ಅವನ ಕಣ್ಣೆದುರೇ ಹಸಿರಾಗಿ, ಹಳದಿಯಾಗಿ, ಇಟ್ಟಂಗಿಯಾಯಿತು.

ಅವನು ತನ್ನ ನಳಿಗೆ ತೋರಿಸಿ ಎದೆ ಮುಟ್ಟಿಕೊಂಡ. ನನ್ನದೇ? ಹೌದು ಎಂದೆ. ಆಮೇಲೆ ಕೆಂಪು ನಳಿಗೆಯಿಂದ ನೀಲಿ ನಳಿಗೆಗೆ ಬೆರಳು ಎಳೆದು ನನ್ನ ಮುಖ ನೋಡಿದ. ಅಲ್ಲಿಂದ ಇಲ್ಲಿಗೆ ಬರುವುದು ಹೇಗೆ? ನನ್ನ ಇಡೀ ಸರ್ವಿಸಿನಲ್ಲಿ ಯಾವ ರೋಗಿಯೂ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ.

ನಾನು ಸನ್ನೆ ಕಟ್ಟಿದೆ. ಅನ್ನದ ರಾಶಿ ತೋರಿಸಿ ಬೇಡ, ರೊಟ್ಟಿ ತಟ್ಟಿ ತೋರಿಸಿ ಸರಿ. ಸಕ್ಕರೆಗೆ ಬೆರಳನ್ನು ನಾಲಗೆಗೆ ಮುಟ್ಟಿಸಿ, ಮರುಕ್ಷಣ ಅಂಗೈಯ ಅಂಚಿನಿಂದ ಪಾದದ ಮೇಲೆ ಕಡಿದಂತೆ ಹೊಡೆದೆ. ಸಕ್ಕರೆ ತಿಂದರೆ ಕಾಲು ಹೋಗುತ್ತದೆ. ಅವನ ಮುಖ ಬಿಳಿಚಿಕೊಂಡಿತು. ಅರ್ಥವಾಯಿತು ಎಂದು ನನಗೆ ಬಲು ಹಿಗ್ಗು.

ಮುಂದಿನ ವಾರದಿಂದ ಅವನು ಅಣ್ಣನನ್ನು ಬಿಟ್ಟು ಬರತೊಡಗಿದ. ಹಳದಿಯಾಯಿತು, ಹಸಿರಾಯಿತು. ನಳಿಗೆ ಅಲ್ಲಾಡಿಸಿದ ಹಾಗೆ ಕೈ ಮಾಡಿದರೆ ಅವನ ಭಾಷೆಯಲ್ಲಿ ಅದು ನಾನು. ಆ ಸನ್ನೆ ಹಬ್ಬಿತು. ದೇವಿಂದ್ರಪ್ಪನ ಹಿಂದೆ ಶಹಾಪುರದ ಒಬ್ಬ ಟೇಲರ್ ಬಂದ, ಸುರಪುರದಿಂದ ಇಬ್ಬರು ಅಕ್ಕತಂಗಿಯರು ಬಂದರು, ಹೀಗೆ ಏಳೆಂಟು ಜನ. ಇಷ್ಟು ಮಂದಿ ಇಷ್ಟು ವರ್ಷ ಎಲ್ಲಿದ್ದರು ಎಂದು ಆಶ್ಚರ್ಯಪಟ್ಟೆ. ಅವರು ಇಲ್ಲೇ ಇದ್ದರು, ಅಣ್ಣತಮ್ಮಂದಿರ ಬೆನ್ನ ಹಿಂದೆ ನಿಂತಿದ್ದರು. ವಾರಕ್ಕೊಮ್ಮೆ ದೀಪದ ಸುತ್ತ ಅವರೆಲ್ಲ ಸೇರಿದರೆ ಲ್ಯಾಬಿನಲ್ಲಿ ಕೈಗಳದೇ ಗದ್ದಲ. ಒಬ್ಬರ ನಳಿಗೆ ಕೆಂಪಾದರೆ ಉಳಿದವರು ಅನ್ನದ ತುತ್ತು ನುಂಗುವ ಹಾಗೆ ಮಾಡಿ ಅವರನ್ನು ಕಾಡಿಸುತ್ತಿದ್ದರು.

ಕೆಲವು ವರ್ಷ ಕಳೆದು ಮಾತ್ರೆ ಸಾಲದೆ ದೇವಿಂದ್ರಪ್ಪನಿಗೆ ಇನ್ಸುಲಿನ್ ಶುರುವಾಯಿತು. ಸೂಜಿ ತಾನೇ ಚುಚ್ಚಿಕೊಳ್ಳುತ್ತೇನೆ ಎಂದು ಸನ್ನೆ ಮಾಡಿದ. ಸಿರಿಂಜಿನ ಮೇಲೆ ಎಷ್ಟು ಗೆರೆಯವರೆಗೆ ಔಷಧಿ ತುಂಬಬೇಕೆಂದು ತಿಳಿಯಲು ನಾನು ಒಂದು ಕೆಂಪು ದಾರ ಕಟ್ಟಿಕೊಟ್ಟೆ. ಮನೆಯಲ್ಲಿ ಕುದಿಸಿ ನೋಡಲು ನೀಲಿ ಔಷಧಿಯ ಬಾಟಲಿ, ನಳಿಗೆ ಕೊಟ್ಟೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಷ್ಟರಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ಹೇಳುವ ಚಿಕ್ಕ ಯಂತ್ರ ಬಂತು. ದೀಪ, ನಳಿಗೆ, ನೀಲಿ ಔಷಧಿ ಎಲ್ಲ ಎತ್ತಿಡಿ ಎಂದು ಸಾಹೇಬರು ಹೇಳಿದರು. ನಾನು ಎತ್ತಿಡಲಿಲ್ಲ. ಮೆಮೊ ಬಂತು. ಬಳಕೆಯಲ್ಲಿಲ್ಲದ ವಿಧಾನವನ್ನು ಯಾರ ಅನುಮತಿಯಿಂದ ಮುಂದುವರಿಸಿದ್ದೀರಿ? ನಾನು ಬರೆದ ಉತ್ತರ ಇಂದಿಗೂ ಬಾಯಿಪಾಠ: ‘ಯಂತ್ರ ಪೀಂ ಎಂದು ಕೂಗುತ್ತದೆ, ನನ್ನ ರೋಗಿಗಳಿಗೆ ಕೇಳುವುದಿಲ್ಲ. ಅಂಕಿ ತೋರಿಸುತ್ತದೆ, ಅವರಿಗೆ ಓದಲು ಬರುವುದಿಲ್ಲ. ಬಣ್ಣ ಕಾಣುತ್ತದೆ. ಆದ್ದರಿಂದ ದೀಪ ಆರಿಸುವುದಿಲ್ಲ.’ ಇಡೀ ದವಾಖಾನೆ ಆ ಉತ್ತರವನ್ನು ಕದ್ದು ಓದಿ ಮೆಚ್ಚಿತು. ಅದರಲ್ಲಿದ್ದ ಒಂದು ದೊಡ್ಡ ಸುಳ್ಳು ಯಾರಿಗೂ ಕಾಣಲಿಲ್ಲ, ಬರೆದ ನನಗೂ.

ಒಂದು ದಿನ ಮಧ್ಯಾಹ್ನ ಟಂಟಂ ಗಾಡಿಯೊಂದು ದವಾಖಾನೆಯ ಮೆಟ್ಟಿಲಿಗೇ ಬಂದು ನಿಂತಿತು. ಒಳಗೆ ದೇವಿಂದ್ರಪ್ಪ ಹೆಂಡತಿ ಶರಣಮ್ಮನ ತೊಡೆಯ ಮೇಲೆ ಬಿದ್ದಿದ್ದ. ಮೈಯೆಲ್ಲ ಬೆವರು, ಹಲ್ಲು ಕಚ್ಚಿಕೊಂಡಿದ್ದ. ಶರಣಮ್ಮನಿಗೆ ಕಿವಿ, ಮಾತು ಎರಡೂ ಇದ್ದವು. ಅವಳು ಅಳುತ್ತಲೇ ಹೇಳಿದಳು.

“ಕಾಲವಿ ದಂಡಿ ಮ್ಯಾಲ ಕುಸದ್ ಕುಂತ್ರೀ ಬಾಯಾರ. ಕೈ ನಡಗಾಕತ್ತಿದ್ವು. ನಮ್ಮ ಓಣ್ಯಾಗ ಒಬ್ಬಾಕಿಗಿ ಹಿಂಗ ಆದಾಗ ಸಕ್ರಿ ಹಾಕಿದ್ರು, ಅದ್ಕ ನಾನೂ ಬಾಯಾಗ ಸಕ್ರಿ ಹಾಕಾಕ ಹೋದೆ. ಉಗುಳಿಬಿಟ್ರು. ನನ್ನ ಕೈ ಕೊಡವಿ ಹಿಂಗ ಮಾಡಿದ್ರು, ಮತ್ತ ಮತ್ತ ಹಿಂಗ ಮಾಡಿದ್ರು.”

ಅವಳು ಬೆರಳನ್ನು ನಾಲಗೆಗೆ ಮುಟ್ಟಿಸಿ, ಅಂಗೈ ಅಂಚಿನಿಂದ ತನ್ನ ಪಾದದ ಮೇಲೆ ಕಡಿದು ತೋರಿಸಿದಳು. ಅದು ನಾನು ಕಲಿಸಿದ ಸನ್ನೆ.

ಯಂತ್ರ ಮೂವತ್ತೆಂಟು ಎಂದಿತು. ಮನುಷ್ಯ ಎಚ್ಚರವಿರುವ ಅಂಕಿ ಅಲ್ಲ ಅದು. ಸಾಹೇಬರು ಓಡಿ ಬಂದು ಗ್ಲೂಕೋಸನ್ನು ನೇರ ನರಕ್ಕೆ ಕೊಟ್ಟರು. ಅವರ ಅವಸರ ಅಂದು ದೇವರಂತೆ ಕಂಡಿತು. ನಾನು ಶರಣಮ್ಮನ ಚೀಲ ನೋಡಿದೆ. ಬೆಳಗ್ಗೆ ಅವನು ಕುದಿಸಿದ ನಳಿಗೆ ಅದರಲ್ಲಿತ್ತು, ಅಚ್ಚ ನೀಲಿ. ಸಿರಿಂಜಿನ ಮೇಲಿನ ನನ್ನ ಕೆಂಪು ದಾರ ನಾಲ್ಕು ಗೆರೆ ಮೇಲಕ್ಕೆ ಸರಿದಿತ್ತು.

ಆಗ ತಿಳಿಯಿತು. ನೀಲಿ ಎಂದರೆ ಮೂತ್ರದಲ್ಲಿ ಸಕ್ಕರೆ ಇಲ್ಲ ಎಂದು ಮಾತ್ರ. ರಕ್ತದಲ್ಲಿ ಅದು ಸರಿಯಾಗಿದೆಯೋ, ಪೂರಾ ಬತ್ತಿಹೋಗಿದೆಯೋ, ನೀಲಿ ಹೇಳುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ, ಟ್ರೈನಿಂಗಿನ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಆದರೆ ‘ಕಡಿಮೆಯಾದರೂ ಸಾವು’ ಎನ್ನುವುದಕ್ಕೆ ನನ್ನ ಕೈಗೆ ಸನ್ನೆ ಹೊಳೆದಿರಲಿಲ್ಲ. ನಾಳೆ ಹೇಳಿದರಾಯಿತು ಎಂದು ಬಿಟ್ಟಿದ್ದೆ. ಅವನು ನಂಬಿಗಸ್ತ ಶಿಷ್ಯ. ಹಸಿರು ಕಾಣಲೇಬಾರದೆಂದು ದಾರವನ್ನು ಮೇಲೆ ಸರಿಸುತ್ತ, ಅನ್ನ ಬಿಡುತ್ತ, ದಿನವೂ ನೀಲಿ ನೋಡಿ ಹಿಗ್ಗುತ್ತ ಸಾವಿನ ಬಾಗಿಲಿಗೆ ನಡೆದಿದ್ದ. ಬಾಯಿಗೆ ಬಂದ ಸಕ್ಕರೆಯನ್ನು ನನ್ನ ಮಾತು ಕೇಳಿಯೇ ಉಗುಳಿದ್ದ.

ಅವನು ಕಣ್ಣು ಬಿಟ್ಟ ಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. “ಏನ್ ಬಾಯಿ, ನಿಮ್ಮ ನೀಲಿ ಏನ್ ಹೇಳ್ತದ ಈಗ?”

ಸಂಗಣ್ಣ ಬಂದವನು ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. “ಸೂಜಿ ಇನ್ ಮ್ಯಾಲ ನಾ ಚುಚ್ತೀನ್ರೀ ಬಾಯಾರ. ಗೇಟಿನ ಕೆಲ್ಸನೂ ಬ್ಯಾಡ. ಮನ್ಯಾಗ ಕುಂದರ್ಲಿ. ಅಂವ ಸತ್ರ ನಾ ಯಾರಿಗಿ ಮುಖ ತೋರಸ್ಲಿ?”

ದೇವಿಂದ್ರಪ್ಪ ಕಾಲುವೆಯ ಗೇಟು ಕಾಯುವ ಕೆಲಸದಲ್ಲಿದ್ದಾನೆ ಎಂದು ನನಗೆ ತಿಳಿದದ್ದೇ ಆಗ. ಬಿದ್ದ ಸುದ್ದಿ ಕೇಳಿ ಅವನ ಆಫೀಸಿನವರೂ ಒಂದು ಕಾಗದ ಕೇಳಿದ್ದರು: ಇವನು ಒಬ್ಬನೇ ಗೇಟಿನ ಬಳಿ ಇರಲು ತಕ್ಕವನು ಎಂದು ಡಾಕ್ಟರು ಬರೆದುಕೊಡಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ಸಾಹೇಬರು ಬರೆಯಲು ಒಪ್ಪಲಿಲ್ಲ. ಕಲಿಸಿದರೂ ಕಲಿಯಲಾರದವನನ್ನು ತಕ್ಕವನೆಂದು ಹೇಗೆ ಬರೆಯಲಿ ಎಂದರು. ಒಂದು ವಾರ ನೋಡುತ್ತೇನೆ ಎಂದಷ್ಟೇ ಹೇಳಿದರು. ಕೆಲಸ ಹೋದರೆ ಅವನು ಮತ್ತೆ ಅಣ್ಣನ ಬೆನ್ನ ಹಿಂದೆ ನಿಲ್ಲುವ ‘ಮೂಕ’. ಮಂಚದ ಮೇಲೆ ಕೂತು ಎಲ್ಲರ ತುಟಿ ನೋಡುತ್ತಿದ್ದ ಅವನಿಗೆ, ಏನನ್ನೋ ಕಸಿಯುತ್ತಿದ್ದಾರೆ ಎಂದು ತಿಳಿದಿತ್ತು.

ಮೂರನೇ ದಿನ ರಜೆ ಹಾಕಿ, ಅವನ ಗೇಟು ಇದ್ದ ಭೀಮರಾಯನಗುಡಿಯ ಬಸ್ಸು ಹತ್ತಿದೆ. ತಪ್ಪಾಯಿತು ಎಂದು ಹೇಳಬೇಕಿತ್ತು. ಅದಕ್ಕೂ ನನ್ನ ಬಳಿ ಸನ್ನೆ ಇರಲಿಲ್ಲ.

ಅವನು ಗೇಟಿನ ಬಳಿ ಇದ್ದ. ಕಾಗದ ಬರುವವರೆಗೆ ಶರಣಮ್ಮ ಜೊತೆಗಿರಬೇಕೆಂದು ಆಫೀಸಿನವರು ಹೇಳಿದ್ದರಂತೆ, ಅವಳೂ ಇದ್ದಳು. ನಾನು ಬಂದದ್ದನ್ನು ಅವನು ನೋಡಿರಲಿಲ್ಲ. ಕಾಲುವೆಯ ಗೋಡೆಗೆ ನೀರಿನ ಮಟ್ಟ ತೋರಿಸುವ ಗೇಜಿನ ಪಟ್ಟಿ ಇತ್ತು, ಬಿಳಿ ಬಣ್ಣದ ಮೇಲೆ ಕಪ್ಪು ಅಂಕಿಗಳು. ಅವನು ಬಗ್ಗಿ ನೋಡಿ, ಕಿಸೆಯಿಂದ ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡ. ನಾನು ಹಿಂದಿನಿಂದ ಇಣುಕಿದೆ. ಸಾಲು ಸಾಲು ಅಂಕಿ. ಮುತ್ತು ಪೋಣಿಸಿದಂತೆ ದುಂಡಗೆ ಬರೆದದ್ದು.

“ಶರಣಮ್ಮ, ಇವ್ರಿಗಿ ಅಂಕಿ ಬರ್ತಾವೇನು?” ಎಂದೆ.

“ಬರ್ತಾವಲ್ರೀ! ಹನ್ನೊಂದು ವರ್ಷದಿಂದ ದಿನಾ ಗೇಜ್ ಬರದು ಆಫೀಸಿಗಿ ಕೊಡ್ತಾರ. ಅಕ್ಷರ ಬರಾಂಗಿಲ್ಲ, ಅಂಕಿ ಎಷ್ಟಿದ್ರೂ ಬರ್ತಾವ. ನಿಮಗ ಗೊತ್ತಿದ್ದಿಲ್ಲೇನು?”

“ಮತ್ತ ಆ ದಾರ…?”

“ನೀವು ಪ್ರೀತಿಲೆ ಕಟ್ಟೀರಿ ಅಂತ ಬಿಚ್ಚಿದ್ದಿಲ್ಲರಿ.”

ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. ಅಣ್ಣನನ್ನು ಹೆಸರು ಕೇಳಿ ಗೆದ್ದೆ ಎಂದುಕೊಂಡವಳು, ನೀನು ಏನು ಕೆಲಸ ಮಾಡುತ್ತೀ, ನಿನಗೆ ಏನು ಬರುತ್ತದೆ ಎಂದು ಅವನನ್ನೇ ಒಂದು ಸಲವೂ ಕೇಳಲಿಲ್ಲ. ಸಾಹೇಬರು ಅವನಿಗೆ ಬುದ್ಧಿಯಿಲ್ಲ ಎಂದುಕೊಂಡರು. ನಾನು ಬಣ್ಣದಷ್ಟೇ ಬುದ್ಧಿ ಇದೆ ಎಂದುಕೊಂಡೆ. ದೊಡ್ಡ ವ್ಯತ್ಯಾಸವೇನಿಲ್ಲ. ಅಂಕಿ ಓದಲು ಬಾರದು ಎಂದು ಸರ್ಕಾರಕ್ಕೆ ಕೈಯಾರೆ ಬರೆದುಕೊಟ್ಟವಳು ನಾನೇ.

ಚೀಲದಿಂದ ಯಂತ್ರ ತೆಗೆದು ನನ್ನ ಬೆರಳು ಚುಚ್ಚಿಕೊಂಡೆ. ನೂರ ನಾಲ್ಕು. ಅವನು ಅಂಕಿ ನೋಡಿದ, ನನ್ನ ಮುಖ ನೋಡಿದ. ನಾನು ಅವನ ಪುಸ್ತಕ ತೆಗೆದುಕೊಂಡು ಮೂವತ್ತೆಂಟು ಎಂದು ಬರೆದು, ಅವನು ಅಂದು ಬಿದ್ದದ್ದನ್ನು, ಕೈ ನಡುಗಿದ್ದನ್ನು ಅಭಿನಯಿಸಿ ತೋರಿಸಿದೆ.

ಅವನು ತುಂಬ ಹೊತ್ತು ಆ ಅಂಕಿ ನೋಡಿದ. ಆಮೇಲೆ ನನ್ನ ರಟ್ಟೆ ಹಿಡಿದು ಗೇಜಿನ ಮುಂದೆ ನಿಲ್ಲಿಸಿದ. ಪಟ್ಟಿಯ ತುದಿ ಮುಟ್ಟಿ ಎರಡೂ ಕೈ ಹರಡಿ ಚೆಲ್ಲಿದ. ನೀರು ಇಲ್ಲಿಗೇರಿದರೆ ಕಾಲುವೆಯ ಏರಿ ಒಡೆಯುತ್ತದೆ. ತಳ ಮುಟ್ಟಿ, ದೂರದ ಕಡೆ ಕೈ ತೋರಿಸಿ, ಬೆರಳುಗಳನ್ನು ಒಣಗಿದ ಪೈರಿನ ಹಾಗೆ ಬಾಗಿಸಿದ. ಇಲ್ಲಿಗಿಳಿದರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ, ಪೈರು ಸಾಯುತ್ತದೆ. ನಡುವೆ ಅಂಗೈ ಸಪಾಟಾಗಿ ಹಿಡಿದ. ಇದು ಸರಿ.

ನಾನು ಇಷ್ಟು ವರ್ಷ ಹುಡುಕಿದ ಪಾಠ ಕಾಲುವೆಯ ಗೋಡೆಯ ಮೇಲೆ ಬರೆದಿತ್ತು.

ಆಮೇಲೆ ಅವನಿಗೆ ಸಿಟ್ಟು ಬಂತು. ನಳಿಗೆ ಅಲ್ಲಾಡಿಸಿದ, ಅಂದರೆ ನೀನು. ಆಕಾಶ ತೋರಿಸಿದ, ನೀಲಿ. ನೀಲಿ, ನೀಲಿ, ನೀಲಿ. ಗೇಜಿನ ತಳಕ್ಕೆ ಅಂಗೈಯಿಂದ ಫಟ್ ಎಂದು ಹೊಡೆದು, ನನ್ನ ಕಡೆ ಕೈ ಬೀಸಿ ಪ್ರಶ್ನಿಸಿದ. ಇದನ್ನು ಯಾಕೆ ಹೇಳಲಿಲ್ಲ? ಶರಣಮ್ಮ ಅನುವಾದಿಸಲು ಬಾಯಿ ತೆರೆದಳು. ಬೇಡ ಎಂದೆ. ಅಷ್ಟು ಸ್ಪಷ್ಟವಾದ ಮೆಮೊ ನನಗೆ ಯಾರೂ ಕೊಟ್ಟಿರಲಿಲ್ಲ.

ನಾನು ಎರಡೂ ಕಿವಿ ಹಿಡಿದುಕೊಂಡೆ, ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳು ಹಿಡಿದುಕೊಳ್ಳುವ ಹಾಗೆ. ಅವನು ಗದರುವುದನ್ನು ನಿಲ್ಲಿಸಿ ನೋಡಿದ. ಕೇಳುವ ಕಿವಿಯನ್ನು ಹಿಡಿದುಕೊಂಡು, ಕೇಳದ ಕಿವಿಯವನ ಕ್ಷಮೆ ಬೇಡುತ್ತಿದ್ದೇನೆ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮೊದಲು ನಕ್ಕವನು ಅವನು.

ಮತ್ತೆ ಅವನೇ ಮೇಷ್ಟ್ರಾದ. ನನ್ನ ಹಳೆಯ ಸನ್ನೆ ಮಾಡಿದ, ನಾಲಗೆಗೆ ಬೆರಳು, ಪಾದಕ್ಕೆ ಕಡಿತ. ನಂತರ ಹಲಗೆ ಒರೆಸಿದ ಹಾಗೆ ಗಾಳಿಯಲ್ಲಿ ಅದನ್ನು ಅಂಗೈಯಿಂದ ಅಳಿಸಿದ. ಹೊಸದು ಕಟ್ಟಿದ. ಮಟ್ಟ ತುದಿಯಲ್ಲಿದ್ದರೆ ನಾಲಗೆಯ ಬೆರಳು ಬೇಡ. ಮಟ್ಟ ತಳಕ್ಕಿಳಿದು ಬೆರಳು ನಡುಗಿದರೆ, ನಾಲಗೆಗೆ ಸಕ್ಕರೆ ಬೇಕು, ಕೂಡಲೇ ಬೇಕು. ನಾನು ಪುಸ್ತಕದಲ್ಲಿ ಗೇಜು ಬರೆದೆ, ಅವನು ಅಂಕಿ ತುಂಬಿದ. ಕೆಳಗೆ ಎಪ್ಪತ್ತಕ್ಕೆ ಒಂದು ಗೆರೆ, ಮೇಲೆ ಇನ್ನೂರಕ್ಕೆ ಒಂದು ಗೆರೆ ಎಳೆದೆವು. ಕೆಂಪು ದಾರವನ್ನು ನಾನೇ ಬಿಚ್ಚಿದೆ, ಯಂತ್ರವನ್ನು ಅವನ ಬಳಿಯೇ ಬಿಟ್ಟು ಬಂದೆ.

ವಾರ ಮುಗಿದ ದಿನ ಸಾಹೇಬರ ಕೋಣೆಯಲ್ಲಿ ಸಂಗಣ್ಣ, ಶರಣಮ್ಮ, ದೇವಿಂದ್ರಪ್ಪ, ನಾನು. ಸಾಹೇಬರು ಎಂದಿನಂತೆ ಸಂಗಣ್ಣನನ್ನು ಕೇಳಿದರು, “ಈಗ ಹ್ಯಾಂಗ ಅದಾನ?”

“ಅವ್ರನ್ನೇ ಕೇಳ್ರಿ,” ಎಂದೆ.

“ಹ್ಯಾಂಗ ಕೇಳ್ಲಿ?”

“ಕಾಗದದ ಮ್ಯಾಲ ಒಂದು ಅಂಕಿ ಬರೀರಿ. ನಿಮಗ ಬೇಕಾದ್ದು.”

ಅವರು ಅಪನಂಬಿಕೆಯಿಂದ ಮುನ್ನೂರ ಹತ್ತು ಎಂದು ಬರೆದರು. ದೇವಿಂದ್ರಪ್ಪ ನೋಡಿ, ಏರಿ ಒಡೆದ ಹಾಗೆ ಕೈ ಚೆಲ್ಲಿ, ನಾಲಗೆಯ ಬೆರಳು ಬೇಡ ಎಂದು, ನೀರು ಕುಡಿಯುವ ಸನ್ನೆ ಮಾಡಿ, ಸಾಹೇಬರ ಕುರ್ಚಿಯನ್ನೇ ತೋರಿಸಿದ. ಇಲ್ಲಿಗೆ ಬರುತ್ತೇನೆ. ಅವರು ನೂರ ಇಪ್ಪತ್ತು ಬರೆದರು. ಅಂಗೈ ಸಪಾಟಾಯಿತು. ಐವತ್ತೆರಡು ಬರೆದರು. ಕಿಸೆಯಿಂದ ಸಕ್ಕರೆಯ ಪುಡಿಕೆ ತೆಗೆದು ಬಿಚ್ಚಿ ಬಾಯಿಗೆ ಹಾಕಿಕೊಳ್ಳಲು ಹೋದ. ಶರಣಮ್ಮ ಕೈ ಹಿಡಿದಳು, “ಇದು ಪರೀಕ್ಷಾ, ಖರೇ ಅಲ್ಲ!”

ಸಾಹೇಬರು ಪೆನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡು ಇನ್ನೊಂದು ಅಂಕಿ ಬರೆದರು, ಎಪ್ಪತ್ತೆರಡು. ಅದು ಮೋಸದ ಅಂಕಿ. ಗೆರೆಗಿಂತ ಮೇಲಿದೆ, ಆದರೆ ಅಂಚಿನಲ್ಲಿದೆ. ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ದೇವಿಂದ್ರಪ್ಪ ಹುಬ್ಬು ಗಂಟಿಕ್ಕಿದ. ಯಂತ್ರ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಎಂದು ಬೆರಳು ಚುಚ್ಚುವ ಸನ್ನೆ ಮಾಡಿದ. ಆಮೇಲೆ ರೊಟ್ಟಿ ಮುರಿದು ತಿನ್ನುವ ಹಾಗೆ ತೋರಿಸಿದ. ಕೈ ಇಳಿಮುಖ ಮಾಡಿ ಕಣ್ಣಿನ ಕೆಳಗೆ ಬೆರಳಿಟ್ಟ. ನೀರು ಇಳಿಯುತ್ತಿರುವಾಗ ಗೇಟು ಬಿಟ್ಟು ಹೋಗಬಾರದು, ನೋಡುತ್ತಿರಬೇಕು.

“ಇದನ್ನ ಯಾರು ಹೇಳಿಕೊಟ್ರು?” ಎಂದರು ಸಾಹೇಬರು.

“ಯಾರೂ ಇಲ್ಲ. ಹನ್ನೊಂದು ವರ್ಷ ಗೇಜ್ ನೋಡ್ಯಾರ,” ಎಂದೆ.

ಸಾಹೇಬರು ಕಾಗದಕ್ಕೆ ಸಹಿ ಹಾಕಿದರು. ಸಹಿ ಹಾಕಿದ ಮೇಲೆ, ಮೊದಲ ಸಲ, ಅದನ್ನು ಅಣ್ಣನ ಕೈಗಲ್ಲದೆ ತಮ್ಮನ ಕೈಗೆ ಕೊಟ್ಟರು. ಸಂಗಣ್ಣ ಕಣ್ಣೊರೆಸಿಕೊಂಡು, “ನನ್ನ ಹೆಗಲ ಮ್ಯಾಲಿನ ಭಾರ ಇಳೀತ್ರೀ ಬಾಯಾರ,” ಎಂದ. ಇಷ್ಟು ದಿನ ಅವನನ್ನು ಅಡ್ಡಗೋಡೆ ಎಂದುಕೊಂಡಿದ್ದೆ. ಅವನೂ ದಣಿದಿದ್ದ.

ದೀಪ ಆರಿಸಿದೆ. ಆರಿಸುವುದಿಲ್ಲ ಎಂದು ಬರೆದುಕೊಟ್ಟದ್ದನ್ನು ನಾನೇ ಮುರಿದೆ, ಅದಕ್ಕೆ ಯಾರೂ ಮೆಮೊ ಕೊಡಲಿಲ್ಲ. ವಾರದ ಆ ದಿನ ಮಾತ್ರ ಬಿಡಲಿಲ್ಲ. ಅಂಕಿ ಬರುವವರಿಗೆ ಗೇಜು. ಅಂಕಿ ಬಾರದ ಸುರಪುರದ ಅಕ್ಕತಂಗಿಯರಿಗೆ ದೇವಿಂದ್ರಪ್ಪನೇ ಕಲಿಸಿದ. ಈಗ ಅವರೆಲ್ಲರ ಕೈಯಲ್ಲಿ ಫೋನಿದೆ. ಯಂತ್ರದ ಅಂಕಿಯ ಫೋಟೊ ಒಬ್ಬರಿಗೊಬ್ಬರು ಕಳಿಸುತ್ತಾರೆ, ವಿಡಿಯೊದಲ್ಲಿ ಕೈ ಆಡಿಸಿ ಬೈಯುತ್ತಾರೆ. ನಾವು ಗೋಡೆಗೆ ಗಾದೆ ಬರೆಸಿಕೊಂಡು ಕೂತಿದ್ದೇವೆ.

ಹೊಸದಾಗಿ ಬರುವ ಹುಡುಗಿಯರೇ, ನೀವು ಜಗಳವಾಡಿ. ಚೀಟಿಯಲ್ಲಿ ಮೂಕ, ಕೆಪ್ಪ ಎಂದು ಬರೆದರೆ ಹರಿದು ಹಾಕಿ. ಜೊತೆಗೆ ಬಂದವರಿಗೆ ಹೇಳಿ ಕೈತೊಳೆದುಕೊಳ್ಳುವ ಡಾಕ್ಟರನ್ನು ತಡೆಯಿರಿ. ಮೆಮೊ ಬಂದರೆ ಹೆದರಬೇಡಿ, ಕಾಗದ ಅಷ್ಟೆ. ಆದರೆ ಪಾಠ ಹೇಳಲು ಕೂರುವ ಮೊದಲು, ನೀವು ಏನು ಕೆಲಸ ಮಾಡುತ್ತೀರಿ ಎಂದು ರೋಗಿಯನ್ನೇ ಕೇಳಿ.

ನಿವೃತ್ತಿಯ ಮರುವರ್ಷ ಯಾದಗಿರಿ ಬಸ್ ನಿಲ್ದಾಣದಲ್ಲಿ ದೇವಿಂದ್ರಪ್ಪ, ಶರಣಮ್ಮ ಸಿಕ್ಕರು. ಅವರ ಜೊತೆ ನಾನು ಎಂದೂ ನೋಡದ ಒಬ್ಬ ಹೆಣ್ಣುಮಗಳು, ಕಿವಿ ಕೇಳದವಳು. ದೇವಿಂದ್ರಪ್ಪ ನನ್ನನ್ನು ತೋರಿಸಿದ್ದೇ ಅವಳು ಮುಖ ಅರಳಿಸಿ ಒಂದು ಸನ್ನೆ ಮಾಡಿದಳು. ನಳಿಗೆ ಅಲ್ಲಾಡಿಸುವ ಹಳೆಯ ಸನ್ನೆಯಲ್ಲ. ಅಂಗೈ ಸಪಾಟಾಗಿ ಹಿಡಿದು, ಮೊಣಕಾಲಿಗಿಂತ ಕೆಳಗೆ ಇಳಿಸಿ, ಅಲ್ಲಿ ಒಂದು ಏಟು ಹೊಡೆದಳು.

“ಹಂಗಂದ್ರ ಏನು?” ಎಂದು ಶರಣಮ್ಮನನ್ನು ಕೇಳಿದೆ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

“ನಿಮ್ಮ ಹೆಸ್ರರೀ ಬಾಯಾರ. ಈಗ ಮೂರು ತಾಲೂಕಿನಾಗೂ ನಿಮಗ ಇದೇ ಹೆಸ್ರು. ‘ತಳ ಹೇಳಲಾರದಾಕಿ’ ಅಂತ.”

ದೇವಿಂದ್ರಪ್ಪ ಬೇರೆ ಕಡೆ ನೋಡುತ್ತ ನಿಂತಿದ್ದ, ತನಗೇನೂ ಸಂಬಂಧವಿಲ್ಲದವನ ಹಾಗೆ. ನನಗೆ ಬಂದ ಎಲ್ಲ ಮೆಮೊಗಳಿಗೂ ಉತ್ತರ ಬರೆದವಳು ನಾನು. 

ಅವತ್ತು ಅಂಗೈ ಸಪಾಟಾಗಿ ಹಿಡಿದು, ಮೊಣಕಾಲಿನ ಕೆಳಗೆ ಇಳಿಸಿ, ಒಂದು ಏಟು ಹೊಡೆದು, ಎದೆ ಮುಟ್ಟಿಕೊಂಡೆ. ಹೌದು, ನಾನೇ.